ಅವಳ ಮೂರು ಸಾಲುಗಳು ಮತ್ತು ಸಿತ್ ನಜ್ಲಾ

ಇರಾಕಿನ ಹೆಣ್ಣುಮಕ್ಕಳು ಸಾಮಾಜಿಕ ಜಾಲತಾಣಗಳಲ್ಲಿ ಏನು ಬರೆಯುತ್ತಾರೆ, ಬರೆದುದಕ್ಕೆ ಏನು ತೆರುತ್ತಾರೆ ಎಂಬುದನ್ನು ಅಧ್ಯಯನದ ವಿಷಯವಾಗಿಸಿದ ಮೊದಲಿಗರಲ್ಲಿ ಒಬ್ಬರಾದ ಡಾ. ನಜ್ಲಾ ಅಲ್-ಅತ್ಬಿಯವರು, ಬಸ್ರಾದ ನಮ್ಮ ವಿಭಾಗದಲ್ಲಿ ಮೂವತ್ತೆರಡು ವರ್ಷ ಪಾಠ ಹೇಳಿ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ವಿದ್ವಾಂಸರು ಮೊದಲು ಈ ತಾಣಗಳನ್ನು ಹೆಣ್ಣಿನ ಬಿಡುಗಡೆಯೆಂದು ಹೊಗಳಿದರು; ಆಮೇಲೆ ಬೈಗುಳ ಬೆದರಿಕೆಗಳನ್ನು ಪಟ್ಟಿಮಾಡಿದರು; ಈಗ ಲಕ್ಷಗಟ್ಟಲೆ ಬರಹಗಳನ್ನು ಯಂತ್ರಕ್ಕೆ ಸುರಿದು ಎಣಿಸುತ್ತಿದ್ದಾರೆ. ಈ ಮೂರೂ ಕಾಲಗಳಲ್ಲಿ ನಾವು ಗೌರವದಿಂದ ಸಿತ್, ಅಂದರೆ ಮೇಡಂ, ಎಂದು ಕರೆಯುವ ನಜ್ಲಾ ಅವರು ಮಾತ್ರ, ಬರೆದವಳ ಎದುರು ಕೂತು ಅವಳನ್ನೇ ಕೇಳುವ ಪದ್ಧತಿಯನ್ನು ಬಿಟ್ಟುಕೊಡಲಿಲ್ಲ.

ಸುಳ್ಳು ಹೆಸರಿನಲ್ಲಿ ಫೇಸ್‌ಬುಕ್‌ನಲ್ಲಿ ಬರೆಯುವ ಯುವತಿಯರ ಕುರಿತು ಸಂಶೋಧನೆಗೆ ನಾನು ಅವರಲ್ಲಿ ಸೇರಿದಾಗ, ನಮ್ಮಣ್ಣ ನನ್ನನ್ನು ಹೊರಗೆ ಕಳುಹಿಸಲು ಒಪ್ಪಲಿಲ್ಲ. ಸಿತ್ ತಾವೇ ಮನೆಗೆ ಬಂದು, ಅಮ್ಮನೊಡನೆ ಒಣನಿಂಬೆಯ ಚಹಾ ಕುಡಿದು, ಎರಡು ವರ್ಷ ಪ್ರತಿ ಮಂಗಳವಾರ ತಮ್ಮ ಕಾರಿನಲ್ಲಿ ನನ್ನನ್ನು ಆ ಯುವತಿಯರ ಭೇಟಿಗೆ ಕರೆದೊಯ್ದು, ಹೊರಗೆ ಕಾರಿನಲ್ಲೇ ಕಾದು, ಮರಳಿ ಬಿಟ್ಟರು.

ಅವರ ನಿಯಮ ಒಂದೇ: ಹೆಸರನ್ನಷ್ಟೇ ಅಲ್ಲ, ಆ ಹೆಣ್ಣುಮಕ್ಕಳ ಮಾತನ್ನೂ ಬದಲಿಸಿಯೇ ಅಚ್ಚಿಗೆ ಕೊಡಬೇಕು. ನಾನು ಒಮ್ಮೆ ತಪ್ಪಿದೆ. ಇಲ್ಲಿ ನಾನು ಶದಾ ಎಂದು ಕರೆಯುವ ಇಪ್ಪತ್ತೆರಡರ ಕಾಲೇಜು ಹುಡುಗಿ ಬರೆದ ಮೂರು ಸಾಲು ಬಹಳ ಚೆನ್ನಾಗಿದ್ದವು. ಅವುಗಳನ್ನು ಇದ್ದಂತೆಯೇ ಉಳಿಸಿ, ಸಿತ್‌ಗೆ ತೋರಿಸದೆ, ನಮ್ಮಿಬ್ಬರ ಹೆಸರಿನಲ್ಲೂ ಲೇಖನವನ್ನು ಪತ್ರಿಕೆಗೆ ಕಳುಹಿಸಿದೆ. ಅಚ್ಚಾದ ಮೇಲೆ ಅದನ್ನು ಓದಿದ ಅವಳ ಸೋದರಸಂಬಂಧಿಯೊಬ್ಬ ಆ ಸಾಲುಗಳನ್ನು ಅಂತರ್ಜಾಲದಲ್ಲಿ ಹುಡುಕಿದ. ಖಾತೆ ಸಿಕ್ಕಿತು; ಅಲ್ಲಿದ್ದ ಮನೆಯ ಸುದ್ದಿಗಳಿಂದ ಬರೆದವಳು ಅವಳೇ ಎಂದು ತಿಳಿಯಿತು. ವಾರದೊಳಗೆ ಶದಾ ಮಾಳಿಗೆಯಿಂದ ಜಾರಿಬಿದ್ದು ತೀರಿಕೊಂಡಳೆಂದು ಮನೆಯವರು ಹೇಳಿದರು. ಪೊಲೀಸರು ಅದನ್ನೇ ಬರೆದುಕೊಂಡರು.

ಹೆಂಗಸರ ಶೋಕಸಭೆಗೆ ನಾವಿಬ್ಬರೂ ಹೋದೆವು. ನಾವು ಮಗಳ ಕಾಲೇಜಿನವರೆಂದು ತಿಳಿದ ಅವಳ ತಾಯಿ ನನ್ನ ಕೈ ಹಿಡಿದು, "ಅಲ್ಲಿ ನಗ್ತಿದ್ಲಾ ನನ್ನ ಮಗಳು? ಮನೇಲಿ ನಗೋದನ್ನ ನಾನು ನೋಡ್ಲೇ ಇಲ್ಲ" ಎಂದರು. ಅವಳನ್ನು ಒಮ್ಮೆಯೂ ಕಂಡಿರದ ಸಿತ್, "ನಗ್ತಿದ್ದಳಮ್ಮ, ತುಂಬಾ" ಎಂದರು.

ಲೇಖನದ ಕುರಿತು ವಿಶ್ವವಿದ್ಯಾಲಯ ನಡೆಸಿದ ವಿಚಾರಣೆಯಲ್ಲಿ ಸಿತ್, ಮಾರ್ಗದರ್ಶಕಿ ತಾನು, ಆ ಸಾಲುಗಳನ್ನು ಉಳಿಸಿದವಳೂ ತಾನೇ ಎಂದು ಹೇಳಿಕೆ ಕೊಟ್ಟರು. ವಿಭಾಗದ ಮುಖ್ಯಸ್ಥೆಯ ಸ್ಥಾನ ಹೋಯಿತು, ಬಡ್ತಿ ಕೊನೆಗೂ ಬರಲಿಲ್ಲ. ನಿಜ ಹೇಳಲು ಹೊರಟ ನನ್ನನ್ನು ಕಾರಿಡಾರಿನಲ್ಲಿ ತಡೆದರು.

"ನೀನು ಬಾಯಿಬಿಟ್ಟರೆ ಅವಳು ಎದ್ದು ಬರ್ತಾಳೇನೆ? ನಿಮ್ಮಣ್ಣ ನಿನ್ನನ್ನ ಮನೇಲಿ ಕೂಡಿಹಾಕ್ತಾನೆ, ಅಷ್ಟೆ. ಹೋಗು, ಓದು ಮುಗಿಸು."

ನಾನು ಹೋದೆ. ಓದು ಮುಗಿಸಿದೆ. ಇಂದು ಅದೇ ವಿಭಾಗದಲ್ಲಿ ಪಾಠ ಹೇಳುತ್ತಿದ್ದೇನೆ. ಈ ಹನ್ನೊಂದು ವರ್ಷಗಳಲ್ಲಿ ಸಿತ್ ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಆದರೆ ವಿಭಾಗದಿಂದ ಹೊರಡುವ ಪ್ರತಿಯೊಂದು ಪ್ರಬಂಧವನ್ನೂ, ತಮ್ಮದಲ್ಲದಿದ್ದರೂ, ಸಾಲುಸಾಲಾಗಿ ತಾವೇ ಅಂತರ್ಜಾಲದಲ್ಲಿ ಹುಡುಕಿ ನೋಡಿ ಕಳುಹಿಸಿದರು.

ಅವರ ಈ ಅಭಿನಂದನ ಗ್ರಂಥಕ್ಕೆ ಇದನ್ನೇ ಬರೆಯುತ್ತೇನೆಂದು ಕಳೆದ ವಾರ ಅವರಿಗೆ ತಿಳಿಸಿದೆ. ಓದುತ್ತಿದ್ದ ಪ್ರಬಂಧವನ್ನು ಬದಿಗಿಟ್ಟರು.

"ಬರಿ. ಆದರೆ ಅವಳ ಸಾಲು ಮಾತ್ರ ಬರೀಬೇಡ."

ಬರೆದಿಲ್ಲ. ಪೂಜ್ಯ ಸಿತ್ ನಜ್ಲಾ ಅವರಿಗೆ ದೀರ್ಘ ಆಯುಷ್ಯವೂ ದಣಿಯದ ಕಣ್ಣುಗಳೂ ಇರಲಿ. ಓದಬೇಕಾದ ಪ್ರಬಂಧಗಳು ಇನ್ನೂ ಅವರ ಮನೆಗೆ ಬರುತ್ತಲೇ ಇವೆ.