ಆರು ಸಾಲಿನ ಬಾಕ್ಸು

ನನ್ನ ಭಾವನವರನ್ನು ಪತ್ರಿಕಾ ಕಚೇರಿಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಬಾಕ್ಸಣ್ಣ ಎಂದು. ನನ್ನ ಗಂಡನಿಗೆ ಇದ್ದವರು ಅವರೊಬ್ಬರೇ ಅಣ್ಣ. ಮದುವೆಯಾಗಲಿಲ್ಲ, ಮೂವತ್ತೊಂದು ವರ್ಷ ಒಂದೇ ಮೇಜಿನ ಮುಂದೆ ಕೂತರು. ಸುದ್ದಿ ಮುಗಿದು ಪುಟದಲ್ಲಿ ಜಾಗ ಉಳಿದರೆ ಅಲ್ಲಿಗೊಂದು ಚಿಕ್ಕ ಬಾಕ್ಸು ಬೇಕಾಗುತ್ತದಲ್ಲ, 'ನಿಮಗಿದು ಗೊತ್ತೇ?' ಎಂಬ ತಲೆಬರಹದ್ದು, ಅದನ್ನು ತುಂಬಿಸುವುದು ಅವರ ಕೆಲಸ. ಆಕ್ಟೋಪಸ್‌ಗೆ ಮೂರು ಹೃದಯ. ಹುಟ್ಟಿದ ಮಗುವಿನ ಮೈಯಲ್ಲಿ ಸುಮಾರು ಮುನ್ನೂರು ಮೂಳೆ, ಬೆಳೆದವರಲ್ಲಿ ಇನ್ನೂರಾರು. ಶುಕ್ರ ಗ್ರಹದ ಒಂದು ದಿನ ಅದರ ಒಂದು ವರ್ಷಕ್ಕಿಂತ ಉದ್ದ. ಓದಿದವರು 'ಹೌದಾ!' ಎಂದು ಹುಬ್ಬೇರಿಸಿ, ಮಾರನೆಯ ದಿನ ಅದೇ ಹಾಳೆಯಲ್ಲಿ ಹಳೇ ಚಪ್ಪಲಿ ಕಟ್ಟಿಡುತ್ತಿದ್ದರು.

"ಅದರಲ್ಲಿ ಒಂದು ಸುಳ್ಳಕ್ಷರ ತೋರಿಸಮ್ಮ ನೋಡೋಣ" ಎನ್ನುತ್ತಿದ್ದರು ನನಗೆ. ತೋರಿಸಲು ನನಗೇನು ತಲೆ ಕೆಟ್ಟಿತ್ತೇ? ಮೂರು ಪುಸ್ತಕ ತಿರುವಿ ಹಾಕದೆ ಒಂದು ಸಾಲು ಬರೆಯುವವರಲ್ಲ ಅವರು. ಪ್ರತಿ ಭಾನುವಾರ ನಮ್ಮ ಮನೆಗೆ ಬರುತ್ತಿದ್ದರು. ನಾನು ಹೊಲಿಗೆ ಯಂತ್ರದ ಮುಂದೆ ಶಾಲೆಯ ಸಮವಸ್ತ್ರಗಳ ರಾಶಿ ಹಾಕಿಕೊಂಡು ಒದ್ದಾಡುತ್ತಿದ್ದರೆ, ಕುರ್ಚಿಯ ತುದಿಯಲ್ಲಿ ಕೂತು, "ನೋಡಮ್ಮ, ನಿನ್ನ ರಕ್ತದಲ್ಲಿರೋ ಕಬ್ಬಿಣ ಇದೆಯಲ್ಲ, ಅದು ಯಾವುದೋ ಕಾಲದಲ್ಲಿ ನಕ್ಷತ್ರಗಳೊಳಗೆ ಆಗಿದ್ದು" ಎನ್ನುತ್ತಿದ್ದರು.

"ಆಗಲಿ ಬಿಡಿ ಭಾವ. ನನಗೆ ಅದೇ ಕಡಿಮೆ ಇದೆ ಅಂದಿದ್ದಾರೆ ಡಾಕ್ಟ್ರು. ಆ ನಕ್ಷತ್ರಕ್ಕೆ ಸ್ವಲ್ಪ ಹೇಳಿ ನೋಡಿ."

ಮಗುವಿನ ಹಾಗೆ ನಗುತ್ತಿದ್ದರು. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ನನ್ನ ಬಾಯಿ ಏಳುತ್ತದೋ ಇಲ್ಲವೋ.

ಬಾಕ್ಸು ಎಂದರೆ ಆರು ಸಾಲು. ಪುಟ ಅಚ್ಚಿಗೆ ಹೋಗುವ ಹೊತ್ತಿಗೆ ಯಾವುದೋ ಜಾಹೀರಾತು ಓಡೋಡಿ ಬಂದರೆ ಅದರಲ್ಲಿ ಎರಡು ಸಾಲು ಹೋಯಿತು. 'ಬಾಲ ಕತ್ತರಿಸು' ಎನ್ನುತ್ತಾರಂತೆ ಅಲ್ಲಿ. ಹೊಸದಾಗಿ ಬರೆಯಲು ಪುರುಸೊತ್ತಿಲ್ಲ, ಕೊನೆಯ ಎರಡು ಸಾಲನ್ನು ಕೆಂಪು ಪೆನ್ನಿನಲ್ಲಿ ಹೊಡೆದರೆ ಮುಗಿಯಿತು. ಅದಕ್ಕೇ ಭಾವ ಮೊದಲ ನಾಲ್ಕು ಸಾಲು ತಮ್ಮಷ್ಟಕ್ಕೆ ನಿಲ್ಲುವ ಹಾಗೆ ಬರೆಯುತ್ತಿದ್ದರು. ಬಾಲ ಹೋದದ್ದು ಓದುವವರಿಗೆ ಗೊತ್ತೇ ಆಗಬಾರದು ಎಂಬುದು ಅವರ ಹೆಮ್ಮೆ.

ಇನ್ನು ನನ್ನ ಗಂಡ. ಗೇಟು, ಕಿಟಕಿ ಸರಳು ಮಾಡುವ ವೆಲ್ಡರ್. ಕೈಯಲ್ಲಿ ಕಸುಬು ಚಿನ್ನದಂಥದ್ದು, ಸಂಜೆಯಾದರೆ ಆ ಕೈಗೆ ಬಾಟಲಿ ಬೇಕು. ನಾನು ಅತ್ತೆ, ಕೂಗಾಡಿದೆ, ಎರಡು ಸಲ ತವರಿಗೆ ಹೋಗಿ ಬಂದೆ. ಭಾವ ಬಂದಾಗಲೆಲ್ಲ "ಕಡಿಮೆ ಮಾಡೋ" ಎನ್ನುತ್ತಿದ್ದರು. ಅವರ ದನಿಯೋ, ಬೆಕ್ಕನ್ನೂ ಓಡಿಸುವಂಥದ್ದಲ್ಲ.

ಒಂದು ದಿನ ಇವರು ಪತ್ರಿಕೆ ಹಿಡಿದುಕೊಂಡು ಅಡುಗೆಮನೆಗೆ ನುಗ್ಗಿದರು. "ಓದೇ ಇದನ್ನ, ಓದು! ಯಕೃತ್ತು ಅಂದ್ರೆ ಲಿವರ್ ಕಣೇ. ಅಣ್ಣ ಬರೆದಿದ್ದಾನೆ."

ಓದಿದೆ. 'ಮನುಷ್ಯನ ಯಕೃತ್ತಿನಲ್ಲಿ ಮೂರರಲ್ಲಿ ಎರಡು ಪಾಲನ್ನು ಕತ್ತರಿಸಿ ತೆಗೆದರೂ ಉಳಿದದ್ದು ಕೆಲವೇ ತಿಂಗಳಲ್ಲಿ ಮತ್ತೆ ಮೊದಲಿನ ಗಾತ್ರಕ್ಕೆ ಬೆಳೆಯಬಲ್ಲದು. ದೇಹದೊಳಗಿನ ಬೇರಾವ ಅಂಗಕ್ಕೂ ಇಷ್ಟು ಶಕ್ತಿಯಿಲ್ಲ.'

"ಹಲ್ಲಿ ಬಾಲ ಇದ್ದ ಹಾಗೆ! ಹೋದ್ರೆ ಮತ್ತೆ ಬರುತ್ತೆ. ನೀನು ಸುಮ್ಮನೆ ನನ್ನ ಪ್ರಾಣ ತಿಂತಿದ್ದೆ" ಎಂದು, ಅದನ್ನು ಕತ್ತರಿಸಿ ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದರು. ಸಂಜೆ ಹೊರಡುವ ಮುಂಚೆ ಅದರ ಮೇಲೊಂದು ಸಲ ಬೆರಳಿನಿಂದ ತಟ್ಟಿ ಹೋಗುವುದು ರೂಢಿಯಾಯಿತು. ನಾನು ಜಗಳ ಬಿಟ್ಟೆ. ನಿಜ ಹೇಳುತ್ತೇನೆ, ಜಗಳವಾಡಿ ನನಗೂ ಸಾಕಾಗಿತ್ತು. ನಂಬುವುದೇ ಸುಲಭವಾಗಿತ್ತು. ಬರೆದವರು ನಮ್ಮ ಭಾವ, ಸುಳ್ಳು ಬರೆಯುವವರಲ್ಲ.

ಆ ಭಾನುವಾರ ಇವರು ಬೀರು ತೆಗೆದು ತೋರಿಸಿದಾಗ ಭಾವನವರ ಮುಖ ನೋಡಬೇಕಿತ್ತು. ಅವರು ಬರೆದದ್ದನ್ನು ಕತ್ತರಿಸಿ ಇಟ್ಟುಕೊಂಡವರು ಜಗತ್ತಿನಲ್ಲಿ ಅದುವರೆಗೆ ಒಬ್ಬರೂ ಇರಲಿಲ್ಲ. ಕಿವಿ ಕೆಂಪಾಯಿತು. "ಪರವಾಗಿಲ್ವೋ, ಓದ್ತೀಯಾ ನೀನು" ಎಂದರು. ಯಾಕೆ ಅಂಟಿಸಿದ್ದೀಯಾ ಎಂದು ಕೇಳಲಿಲ್ಲ.

ಹಾಗೆ ನಾಲ್ಕು ವರ್ಷ ಹೋಯಿತು.

ಮೊದಲು ಇವರ ಕಣ್ಣು ಹಳದಿಯಾಯಿತು. ಆಮೇಲೆ ಕೈಕಾಲು ಒಣಗಿ ಕಡ್ಡಿಯಾಗಿ ಹೊಟ್ಟೆ ಮಾತ್ರ ಬಿಗಿದುಕೊಂಡಿತು. ಆಸ್ಪತ್ರೆಯ ಡಾಕ್ಟರಮ್ಮ ನನ್ನನ್ನೂ ಭಾವನವರನ್ನೂ ಪಕ್ಕದ ಕೋಣೆಗೆ ಕರೆದು, ಲಿವರ್ ಗಟ್ಟಿಯಾಗಿಬಿಟ್ಟಿದೆ ಎಂದರು. ನನಗೆ ಸಿಟ್ಟು ಬಂತು. "ಅದು ಮತ್ತೆ ಬೆಳೆಯುತ್ತಲ್ಲ ಮೇಡಂ? ಪೇಪರಲ್ಲೇ ಬಂದಿತ್ತು" ಎಂದೆ.

"ಬೆಳೆಯುತ್ತಮ್ಮ, ಅದು ನಿಜ. ಆದರೆ..." ಎಂದು ಆಕೆ ತಡವರಿಸಿದರು.

ನನ್ನ ಬೆನ್ನ ಹಿಂದಿನಿಂದ ಭಾವನವರ ದನಿ ಕೇಳಿಸಿತು, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ: "ಆದರೆ ಮದ್ಯದಿಂದ ವರ್ಷಗಟ್ಟಲೆ ಗಾಯಗೊಂಡು ಕಲೆಗಟ್ಟಿದ ಯಕೃತ್ತು ಈ ಶಕ್ತಿಯನ್ನು ಕಳೆದುಕೊಳ್ಳುತ್ತದೆ."

ಡಾಕ್ಟರಮ್ಮ ತಲೆಯಾಡಿಸಿದರು. ನಾನು ತಿರುಗಿ ನೋಡಿದೆ.

"ನಿಮಗೆ ಗೊತ್ತಿತ್ತಾ?"

"ಬರೆದಿದ್ದೆ ಕಣಮ್ಮ. ಆರು ಸಾಲು ಬರೆದಿದ್ದೆ. ಛತ್ರಿ ಅಂಗಡಿಯ ಜಾಹೀರಾತು ಬಂತು. ನಾನೇ ಹೊಡೆದು ಹಾಕಿದೆ."

ಅಯ್ಯೋ ದೇವರೇ! ಒಂದು ಛತ್ರಿ. ಎರಡು ಸಾಲಿನ ಜಾಗಕ್ಕೆ ನನ್ನ ಸಂಸಾರ ಹೋಗಿತ್ತು. ಇವರು ಆ ಎರಡು ಸಾಲು ಓದಿದ್ದರೂ ಕುಡಿತ ಬಿಡುತ್ತಿರಲಿಲ್ಲವೇನೋ. ಆದರೆ ನಾನು ಸುಮ್ಮನಿರುತ್ತಿರಲಿಲ್ಲ, ಬೀರುವನ್ನೇ ಒಡೆದು ಹಾಕುತ್ತಿದ್ದೆ.

ವಾರ್ಡಿಗೆ ವಾಪಸು ಬಂದಾಗ ಇವರು ಎಚ್ಚರವಾಗಿದ್ದರು. ತಂಬೂರಿಯಂಥ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಅಣ್ಣ, ಬೆಳೆಯೋಕೆ ಶುರುವಾಗಿದೆ ಕಣೋ. ಹೇಗೆ ಉಬ್ಬಿದೆ ನೋಡು" ಎಂದರು. ಅದರೊಳಗೆ ತುಂಬಿದ್ದದ್ದು ನೀರು.

"ಹೂಂ ಕಣೋ. ಬೆಳೀತಿದೆ" ಎಂದರು ಭಾವ. ಅವರ ಬಾಯಿಂದ ನಾನು ಕೇಳಿದ ಮೊದಲ ಸುಳ್ಳು ಅದು.

ಮರುದಿನ ಅವರು ಸಂಪಾದಕರ ಮುಂದೆ ಹೋಗಿ ನಿಂತರಂತೆ, ಆ ಎರಡು ಸಾಲನ್ನು ತಿದ್ದುಪಡಿಯೆಂದು ಹಾಕಿ ಎಂದು. "ತಿದ್ದುಪಡಿ ಹಾಕೋಕೆ ತಪ್ಪು ಅಂತ ಒಂದು ಇರಬೇಕಲ್ಲ ಮಹಾರಾಯ್ರೇ. ನಾಲ್ಕು ವರ್ಷದ ಹಿಂದಿನದು. ಅಚ್ಚಾಗಿದ್ದರಲ್ಲಿ ಏನಾದರೂ ಸುಳ್ಳಿತ್ತಾ?" ಎಂದು ಕೇಳಿದರಂತೆ ಸಂಪಾದಕರು. ಇರಲಿಲ್ಲ. ಭಾವ ಆ ಎರಡು ಸಾಲು ಬರೆದುಕೊಂಡು ಹೋಗಿದ್ದ ಚೀಟಿಯನ್ನು ಜೇಬಿಗೆ ಹಾಕಿಕೊಂಡು ಸೀದಾ ಆಸ್ಪತ್ರೆಗೆ ಬಂದರು.

ಆಸ್ಪತ್ರೆಗೆ ಸೇರಿಸಿದ ಹನ್ನೊಂದನೆಯ ದಿನ ಬೆಳಿಗ್ಗೆ ಇವರು ರಕ್ತ ಕಾರಿಕೊಂಡರು. ಅಷ್ಟು ರಕ್ತ ಒಬ್ಬ ಮನುಷ್ಯನೊಳಗೆ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ಮನೆಯಿಂದ ಒಯ್ದಿದ್ದ ಹೊದಿಕೆಯನ್ನು ಆಮೇಲೆ ಬಚ್ಚಲಲ್ಲಿ ಕೂತು ತಣ್ಣೀರಿನಲ್ಲಿ ಉಜ್ಜಿದೆ. ಯಾವ ನಕ್ಷತ್ರದ ಕಬ್ಬಿಣವೋ, ಎಷ್ಟು ಸಾಬೂನು ಹಾಕಿದರೂ ಕಲೆ ಹೋಗಲಿಲ್ಲ.

ಭಾವ ಬಾಗಿಲಲ್ಲಿ ನಿಂತಿದ್ದರು. ನಾನು ಏನಾದರೂ ಹೇಳಲಿ ಎಂದು ಕಾಯುತ್ತಿದ್ದರು. 'ನಿಮ್ಮದೇನೂ ತಪ್ಪಿಲ್ಲ ಭಾವ' ಎಂದರೆ ಆಗುತ್ತಿತ್ತು, ಮೂರು ಪದ. ನಾಲಿಗೆಯ ತುದಿಗೆ ಬಂತು, ಹೇಳಲಿಲ್ಲ. ಹೇಳಲು ಮನಸ್ಸಾಗಲಿಲ್ಲ. ಅವರು ಚಪ್ಪಲಿ ಮೆಟ್ಟಿಕೊಂಡು ಕಚೇರಿಗೆ ಹೋದರು.

ಸಿಬ್ಬಂದಿಯ ಮನೆಯ ಸಾವಿಗೆ ಪತ್ರಿಕೆಯವರು ಪುಕ್ಕಟೆ ಜಾಗ ಕೊಡುತ್ತಾರೆ, ಅದೇ ಆರು ಸಾಲಿನ ಬಾಕ್ಸು. ಮಾರನೆಯ ಬೆಳಿಗ್ಗೆ ಭಾವನೇ ಪತ್ರಿಕೆ ತಂದುಕೊಟ್ಟರು. ಇವರ ಹೆಸರು, ವಯಸ್ಸು, ವೆಲ್ಡಿಂಗ್ ಕೆಲಸದಲ್ಲಿ ಎತ್ತಿದ ಕೈ ಎಂಬುದು, ಕೊನೆಗೆ 'ಮೃತರು ಪತ್ನಿಯನ್ನು ಅಗಲಿದ್ದಾರೆ'. ಅಷ್ಟೇ.

"ಅಣ್ಣ ಅಂತ ಎಲ್ಲಿದೆ ಭಾವ? ನಿಮ್ಮನ್ನೇ ಬಿಟ್ಟಿದ್ದೀರಲ್ಲ?"

"ಜಾಗ ಸಾಲಲಿಲ್ಲಮ್ಮ" ಎಂದರು.

ನಾನು ಮತ್ತೊಮ್ಮೆ ನೋಡಿದೆ. ನಾಲ್ಕು ಸಾಲಿತ್ತು. ಕೆಳಗೆ ಎರಡು ಸಾಲಿನಷ್ಟು ಜಾಗ ಖಾಲಿ ಬಿದ್ದಿತ್ತು.