ಕಸಿಗಂಟಿನ ಕೆಳಗಿನ ಚಿಗುರು

ನಮ್ಮ ಸುತ್ತಲಿನ ತೋಟಗಳಲ್ಲೆಲ್ಲ ಕೆಂಪು ವೈನಿಗೆ ಬೇಕಾದ ಕಪ್ಪು ದ್ರಾಕ್ಷಿ. ನಮ್ಮ ಇಳಿಜಾರಿನ ಹನ್ನೆರಡು ಸಾಲಿನಲ್ಲಿ ಮಾತ್ರ ಶಾರ್ಡನೆ, ಬಿಳಿ ವೈನಿನದು. ಅದನ್ನು ತಂದವಳು ಸಸ್ಯಶಾಸ್ತ್ರ ಓದಿದ ನಮ್ಮ ಅತ್ತಿಗೆ. ಒಂಬತ್ತು ವರ್ಷದ ಹಿಂದೆ ಹಳೆಯ ಬಳ್ಳಿಗಳನ್ನು ಕೀಳದೆ, ಮೊಣಕಾಲೆತ್ತರಕ್ಕೆ ಕತ್ತರಿಸಿ, ಬಿಳಿ ದ್ರಾಕ್ಷಿಯ ಕಡ್ಡಿ ಕಸಿ ಕಟ್ಟಿದಳು. ಅಂದಿನಿಂದ ಊರಿಗೆಲ್ಲ ಅವಳು ಕಸಿ ಟೀಚರ್.

ಆದರೆ ಬುಡ ಹಳೆಯದೇ. ಪ್ರತಿ ವಸಂತದಲ್ಲೂ ಕಸಿಗಂಟಿನ ಕೆಳಗಿನಿಂದ ಕಪ್ಪು ದ್ರಾಕ್ಷಿಯ ಚಿಗುರು ಹೊರಡುತ್ತದೆ. ಆರು ವಾರ, ವಾರಕ್ಕೊಂದು ಸುತ್ತು, ಪ್ರತಿ ಬಳ್ಳಿಗೂ ಬಗ್ಗಿ ಅದನ್ನು ಚಿವುಟಬೇಕು. ಬಿಟ್ಟರೆ ಮೇಲಿನ ಬಿಳಿಯದು ಸೊರಗಿ ಒಣಗುತ್ತದೆ. ಅಮ್ಮ ಆ ಚಿಗುರನ್ನು ಮುಟ್ಟುವುದಿಲ್ಲ. ಆ ಹಳೆಯ ಬಳ್ಳಿಗಳನ್ನು ನೆಟ್ಟವಳು ಅವಳೇ. ಹೀಗಾಗಿ ಒಂಬತ್ತು ವಸಂತವೂ ಅತ್ತಿಗೆಯ ಪಾಲಿಗೇ ಬಂದವು.

ಈ ವಸಂತದಲ್ಲಿ ಅತ್ತಿಗೆಗೆ ಪಟ್ಟಣದ ಪ್ರಯೋಗಾಲಯದಿಂದ ಪತ್ರ ಬಂತು. ಹಣ್ಣಿನ ರಸ ಪರೀಕ್ಷಿಸುವ ಕೆಲಸ, ಅವಳು ಮೂರು ಸಲ ಅರ್ಜಿ ಹಾಕಿದ್ದು. ಸೋಮವಾರ ಸೇರಬೇಕು, ಅಲ್ಲೇ ಇರಬೇಕು. ಭಾನುವಾರ ಅಣ್ಣನನ್ನು ಸಾಲಿಗೆ ಕರೆದೊಯ್ದು, ಒಂದೊಂದು ಕಸಿಗಂಟಿಗೂ ಸುಣ್ಣ ಬಳಿದು ತೋರಿಸಿದಳು.

"ಗಂಟಿನ ಮೇಲಿಂದು ನಮ್ದು, ಕೆಳಗಿಂದು ಕಳ್ಳಂದು. ಇಷ್ಟೇ ರೀ."

ಅಣ್ಣ ಎರಡು ಸಾಲು ಮುಗಿಸಿದ. ಅವಳು ಹಿಂದೆಯೇ ನೋಡುತ್ತ ಬಂದಳು. ಎರಡನೆಯ ಸಾಲಿನ ಏಳನೆಯ ಬಳ್ಳಿಯಲ್ಲಿ ಗಂಟಿನ ಮೇಲಿನ ಎಳೆ ಚಿಗುರುಗಳೆಲ್ಲ ನೆಲದ ಮೇಲಿದ್ದವು. ಕೆಳಗಿನ ಪೆನ್ಸಿಲ್ ದಪ್ಪದ ಚಿಗುರು ಸುಖವಾಗಿತ್ತು. ಮೂವತ್ತು ವರ್ಷದಿಂದ ಸಣ್ಣದನ್ನು ಕಿತ್ತು ದಪ್ಪದ್ದನ್ನು ಉಳಿಸಿದ ಕೈ, ತಾನಾಗೇ ಹೋಯಿತು ಎಂದ ಅಣ್ಣ. ಹೋಗಿದ್ದು ಒಂದೇ ಬಳ್ಳಿ ತಾನೇ ಎಂದೂ ಕೇಳಿದ.

ಎರಡು ಸಾಲಿಗೆ ಒಂದು, ಒಂದು ಸುತ್ತಿಗೆ ಆರು, ಆರು ಸುತ್ತಿಗೆ ಮೂವತ್ತಾರು ಬಳ್ಳಿ. ಅತ್ತಿಗೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

ಊಟದ ಹೊತ್ತಿಗೆ ಅಮ್ಮ ಅಂದಳು: "ಹೋಗಮ್ಮ, ಯಾರು ಬೇಡ ಅಂದ್ರು? ಹೋಗೋಕ್ ಮುಂಚೆ ಆ ಚಿಗುರಿಗೂ ಒಂದ್ ಮಾತು ಹೇಳ್ಬಿಡು, ನಾನು ಬರೋ ತನಕ ಮಲ್ಕೊಂಡಿರು ಅಂತ."

ನಾವೆಲ್ಲ ನಕ್ಕೆವು. ಅವಳೂ ನಕ್ಕಳು.

ಸೋಮವಾರ ಪಟ್ಟಣದ ಎಂಟೂ ಹತ್ತರ ಬಸ್ಸು ಕೆಳಗಿನ ರಸ್ತೆಯಲ್ಲಿ ಹೋದಾಗ ಅತ್ತಿಗೆ ಮೂರನೆಯ ಸಾಲಿನಲ್ಲಿ ಬಗ್ಗಿದ್ದಳು. ತಲೆ ಎತ್ತಲಿಲ್ಲ. ಬಸ್ಸಿನ ಸದ್ದು ಅಡಗಿದ ಮೇಲೆ ಎದ್ದು ಎರಡನೆಯ ಸಾಲಿಗೆ ಹೋದಳು. ಏಳನೆಯ ಬಳ್ಳಿಯಲ್ಲಿ ಇನ್ನು ಉಳಿದಿದ್ದ ಜೀವ ಅದೊಂದೇ; ಬುಡದಲ್ಲಿ ಕೋಲು ನೆಟ್ಟು, ಆ ಕಳ್ಳ ಚಿಗುರನ್ನು ಮೆಲ್ಲಗೆ ನೆಟ್ಟಗೆ ಮಾಡಿ, ಕೋಲಿಗೆ ಕಟ್ಟಿದಳು.