ಮೆಕ್ಸಿಕೋಕ್ಕೆ ಹೊರಟ ಬುತ್ತಿ

ಸಿಡ್ನಿಯ ಟೂಂಗಾಬಿ ಬಡಾವಣೆಯ ನೀಲಕ್ಕನಿಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿದ್ದು ಐವತ್ತು ದಾಟಿದ ಮೇಲೆ, ಅದೂ ಮೂರು ಸಲ ಫೇಲಾಗಿ. ಪಾಸಾದ ದಿನ ಧಾರವಾಡದ ಈ ಹೆಣ್ಣುಮಗಳು ಬೀದಿಗೆಲ್ಲ ಪೇಢೆ ಹಂಚಿದಳು. ಆದರೇನು, ಅವಳ ಸವಾರಿ ಪಕ್ಕದ ಪೆಂಡಲ್ ಹಿಲ್‌ನ ಕಿರಾಣಿ ಅಂಗಡಿ ದಾಟಲೇ ಇಲ್ಲ. ದೊಡ್ಡ ರಸ್ತೆ ಬಂತೆಂದರೆ ಗಂಡ ಅಡಿವೆಪ್ಪ "ಕೀಲಿ ತಾ ಇಲ್ಲೆ" ಅನ್ನುತ್ತಿದ್ದ, ಇವಳು ಕೊಡುತ್ತಿದ್ದಳು. ನಿಜ ಹೇಳಬೇಕೆಂದರೆ ಲಾರಿ ಕಂಡರೆ ಅವಳಿಗೂ ಎದೆ ಢವಢವ.

ಅದು ೨೦೦೫ರ ಏಪ್ರಿಲ್. ತಂಗಿಯ ಮಗಳು, ಮೆಲ್ಬರ್ನ್‌ನಲ್ಲಿದ್ದ ಮಹಾಶ್ವೇತಾಗೆ ಕುಬಸ, ಅಂದರೆ ನಮ್ಮ ಕಡೆಯ ಸೀಮಂತ, ನಿಶ್ಚಯವಾಯಿತು. ತವರಿನವರು ಬುತ್ತಿ ಕಟ್ಟಿಕೊಂಡು ಬಂದು ಬಸುರಿಯ ಉಡಿ ತುಂಬಬೇಕು. ತಂಗಿ ಅನಸೂಯಾಗೆ ವೀಸಾ ಸಿಗಲಿಲ್ಲ. ಧಾರವಾಡದಿಂದ ಫೋನ್ ಮಾಡಿ ಅತ್ತಳು: "ಅಕ್ಕಾ, ಆಕಿಗೆ ಅಲ್ಲೆ ತವರು ಅಂದ್ರ ನೀನ ನೋಡು."

"ಅಳಬ್ಯಾಡ ಹುಚ್ಚಿ. ನಾ ಇಲ್ಲೇನು?" ಎಂದಳು ನೀಲಕ್ಕ.

ಹಿತ್ತಲಿನ ದಾಳಿಂಬೆ ಗಿಡ ಆ ವರ್ಷವೇ ಮೊದಲ ಸಲ ಕಾಯಿ ಬಿಟ್ಟಿತ್ತು. ಐದೇ ಐದು ಹಣ್ಣು! ಉಡಿಗೂ ಬೇಕಾದದ್ದು ಐದೇ. ನೀಲಕ್ಕ ಅವನ್ನು ಹೊಸ ಕುಪ್ಪಸದ ಕಣದಲ್ಲಿ ಸುತ್ತಿಟ್ಟಳು. ಖಡಕ್ ರೊಟ್ಟಿ, ಶೇಂಗಾ ಹೋಳಿಗೆ, ಎಳ್ಳುಂಡೆಯ ಡಬ್ಬಿಗಳ ರಾಶಿ ವಿಮಾನಕ್ಕೆ ಹಿಡಿಸುವಂಥದ್ದಲ್ಲ, ಕಾರಿನಲ್ಲೇ ಹೋಗಬೇಕು. ಅಡಿವೆಪ್ಪ ನಕ್ಷೆ ಹರಡಿದ. ಸಿಡ್ನಿಯ ರಾಜ್ಯಕ್ಕೂ ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯಕ್ಕೂ ನಡುವೆ ಮರ್ರಿ ಹೊಳೆಯೇ ಗಡಿ. ಯಾವ ಸೇತುವೆ ದಾಟುವುದು? ನಾರ್ತ್ ಸಿಡ್ನಿಯಲ್ಲಿ ಕೆಲಸಕ್ಕಿದ್ದ ಮಗ ಸಂಕೇತ ನಕ್ಕ: "ಅವ್ವಾ, ನಮ್ ಆಫೀಸ್‌ನಾಗ ವಿಕ್ಟೋರಿಯಾಕ್ಕ ಮೆಕ್ಸಿಕೋ ಅಂತಾರ. ಸೌತ್ ಆಫ್ ದ ಬಾರ್ಡರ್! ಅಮೆರಿಕಾದವರಿಗೆ ಮೆಕ್ಸಿಕೋ ಹೆಂಗ ಗಡಿ ಕೆಳಗೋ, ನಮಗ ಅದು ಹಂಗ."

ಅಷ್ಟೇ ಸಾಕಾಯಿತು. ನೀಲಕ್ಕ ಕಂಡಕಂಡವರಿಗೆಲ್ಲ "ಮೆಕ್ಸಿಕೋಕ್ಕ ಹೊಂಟೇವ್ರಿ" ಎಂದು ಸಾರಿದಳು. ಗಂಡನಿಗೆ ಒಂದೇ ಮಾತು ಹೇಳಿದಳು: "ಗಡಿ ಮಾತ್ರ ನಾನ ದಾಟಸ್ತೀನಿ. ತವರಿನಾಕಿ ನಾನು."

ಅಡಿವೆಪ್ಪ ಯೋಚಿಸಿ ಒಪ್ಪಂದಕ್ಕೆ ಬಂದ. ಆಲ್ಬರಿಯ ಸೇತುವೆ ಹತ್ತಿರ, ಆದರೆ ಆ ದಾರಿಯ ತುಂಬ ಲಾರಿಗಳು. ಒಳನಾಡಿನ ಟೊಕಮ್‌ವಾಲ್ ಸೇತುವೆ ಸುತ್ತು, ಆದರೆ ದಾರಿ ಖಾಲಿ. ವಾಗಾ ಊರಿನ ತನಕ ಅವನು, ಅಲ್ಲಿಂದ ಟೊಕಮ್‌ವಾಲ್ ಮೇಲೆ ಅವಳು.

ಶನಿವಾರ ನಸುಕಿನಲ್ಲಿ ಹೊರಟರು. ವಾಗಾದಲ್ಲಿ ಚಹಾ ಕುಡಿದು ನೀಲಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೀರಿಂಗ್ ಹಿಡಿದಳು. ಅಬ್ಬಾ, ಎಂಥಾ ದಾರಿ! ಎರಡೂ ಕಡೆ ಬಯಲೋ ಬಯಲು, ಎದುರಿಗೆ ನರಪಿಳ್ಳೆಯಿಲ್ಲ. ಆಕೆ ಸೋಬಾನೆ ಪದ ಶುರುಮಾಡಿದಳು. ಎರಡನೆಯ ನುಡಿಗೆ ಬರುವಷ್ಟರಲ್ಲಿ ದೊಡ್ಡ ಫಲಕವೊಂದು ಕಂಡಿತು: ಮುಂದೆ, ಬೆಳೆ ಕೆಡಿಸುವ ಹಣ್ಣುನೊಣ ಹೊಗದಂತೆ ಕಾಯುವ ನಿರ್ಬಂಧದ ಸೀಮೆ, ಹಣ್ಣು ಒಯ್ಯುವಂತಿಲ್ಲ, ಇಲ್ಲಿನ ತೊಟ್ಟಿಗೆ ಹಾಕಿ.

ಗಾಡಿ ನಿಂತಿತು. ವಿಮಾನದಲ್ಲಿ ಬರುವಾಗ ಉಪ್ಪಿನಕಾಯಿಗೂ ಹೆದರುವ ನಮ್ಮ ಜನ, ಒಂದೇ ದೇಶದೊಳಗೆ ದಾಳಿಂಬೆಗೆ ತಡೆ ಇದ್ದೀತೆಂದು ಕನಸಿನಲ್ಲಾದರೂ ಎಣಿಸುತ್ತಾರೆಯೇ?

"ತೊಟ್ಟಿಗೆ ಹಾಕಲಿಕ್ಕೆ ಮನಸ್ ಬರಲಿಲ್ಲಂದ್ರ ಇಲ್ಲೇ ತಿಂದ್ ಬಿಡೂಣು," ಎಂದ ಅಡಿವೆಪ್ಪ. "ಮೆಲ್ಬರ್ನ್‌ನಾಗ ಬ್ಯಾರೆ ತಗೊಂಡ್ರಾತು."

"ಉಡಿ ಹಣ್ಣು ನಾವು ತಿನ್ನೂದೇನ್ರಿ? ಅಂಗಡಿ ಹಣ್ಣು ತವರಿನ ಹಣ್ಣು ಆಗ್ತದೇನು?" ನೀಲಕ್ಕನ ಕಣ್ಣು ತುಂಬಿತು. ಕೆಳಗಿಳಿದು ಫಲಕದ ಮೇಲಿನ ನಕ್ಷೆ ನೋಡಿದಳು. ಆಲ್ಬರಿಯ ದಾರಿ ಆ ಸೀಮೆಯ ಹೊರಗಿತ್ತು.

ಅಡಿವೆಪ್ಪನೂ ನೋಡಿದ. ಕೈ ಚಾಚಿದ. "ಹಂಗಾರ ಹೊಳ್ಳಿ ಹೋಗೂಣು. ಲಾರಿ ದಾರಿ ಅದು, ಕೀಲಿ ತಾ ಇಲ್ಲೆ."

ನೀಲಕ್ಕ ಹಣ್ಣಿನ ಗಂಟನ್ನು ಆ ಕೈಯಲ್ಲಿಟ್ಟಳು. "ಇದನ್ನ ಹಿಡ್ಕೊಂಡ್ ಕೂಡ್ರಿ. ಹೊಡ್ಯಾಕಿ ನಾನು."

ಹಿಂದಿರುಗಿ ವಾಗಾ, ಅಲ್ಲಿಂದ ತೆಂಕಣಕ್ಕೆ. ಆಲ್ಬರಿ ಸಮೀಪಿಸುತ್ತಲೇ ಶುರುವಾಯಿತು ನೋಡಿ ಲಾರಿಗಳ ಜಾತ್ರೆ! ಒಂದೊಂದೂ ರೈಲಿನಷ್ಟು ಉದ್ದ. ಪಕ್ಕದಲ್ಲಿ ಹಾದಾಗ ಕಾರು ನಡುಗುತ್ತಿತ್ತು, ಅಡಿವೆಪ್ಪ ಗಂಟನ್ನು ಎದೆಗವಚಿಕೊಂಡು ಎಲ್ಲಮ್ಮನನ್ನು ಕರೆಯುತ್ತಿದ್ದ. ನೀಲಕ್ಕ ಸ್ಟೀರಿಂಗ್ ಬಿಗಿಹಿಡಿದಳು, ಗಾಡಿ ಗೆರೆ ಬಿಟ್ಟು ಕದಲಲಿಲ್ಲ. ಸೇತುವೆ ಬಂತು, ಕೆಳಗೆ ಮರ್ರಿ ತಣ್ಣಗೆ ಹರಿಯುತ್ತಿತ್ತು.

"ಮೆಕ್ಸಿಕೋ ಬಂತೋ!" ಎಂದು ನೀಲಕ್ಕ ಕೂಗಿದ ಕೂಗಿಗೆ ಪಕ್ಕದ ಲಾರಿಯವನು ಹಾರ್ನ್ ಹೊಡೆದು ಕೈ ಬೀಸಿದ. ಅಡಿವೆಪ್ಪನಿಗೂ ನಗು ತಡೆಯಲಾಗಲಿಲ್ಲ.

ಮರುದಿನ ಮುತ್ತೈದೆಯರ ನಡುವೆ ಹಸಿರು ಸೀರೆಯುಟ್ಟು ಕೂತ ಮಹಾಶ್ವೇತಾಳ ಉಡಿಗೆ ಐದೂ ದಾಳಿಂಬೆ ಬಿದ್ದವು. ಮೇಜಿನ ಮೇಲಿಟ್ಟ ಫೋನಿನಲ್ಲಿ ಅನಸೂಯಾ ಕೇಳುತ್ತಿದ್ದಳು. ಹುಡುಗಿ ಹಣ್ಣು ಸವರುತ್ತ ಸಣ್ಣ ದನಿಯಲ್ಲಿ ಅಂದಳು: "ದೊಡ್ಡವ್ವಾ, ಎಲ್ಲಾರಿಗೂ ಕುಬಸ ಆದಮ್ಯಾಲೆ ತವರಿಗೆ ಕರಕೊಂಡ್ ಹೋಗ್ತಾರ. ನನಗ ಇಲ್ಲಿ ಅದೆಲ್ಲಿ ಬಂತು, ಹೌದಲ್ಲ?"

ಅಡಿವೆಪ್ಪ ಎದ್ದು ಹೋಗಿ ಕಾರಿನ ಕೀಲಿ ತಂದು ಹೆಂಡತಿಯ ಕೈಗಿಟ್ಟ.

"ಯಾಕ ಬರೂದಿಲ್ಲ?" ಎಂದಳು ನೀಲಕ್ಕ. "ಗಾಡಿ ಹೊರಗ ನಿಂತೈತಿ. ಡಾಕ್ಟರ್‌ನ ಕೇಳಿ ಅರಿವಿ ಕಟ್ಟು. ದಾರಿ ನನಗ ಗೊತ್ತದ."